ಮಳೆಯ ನಾಡಿನ ನೀರಿನ ಲೆಕ್ಕ

ಸಹ್ಯಾದ್ರಿಯ ನೆತ್ತಿಯ ಮೇಲಿರುವ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಿಗೆ ಮಳೆಗಾಲದಲ್ಲಿ ಮೊದಲ ಸಲ ಬಂದವನು ನೀರಿನ ಕೊರತೆಯೆಂಬ ಮಾತನ್ನು ನಂಬಲಾರ. ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೂ ಬಿಟ್ಟು ಬಿಟ್ಟು ಹೊಯ್ಯುತ್ತಲೇ ಇರುತ್ತದೆ. ಮಾಡಿನಿಂದಿಳಿಯುವ ನೀರಿನ ಸದ್ದಿನಲ್ಲಿ ಜಗಲಿಯ ಮೇಲೆ ಕುಳಿತವರ ಮಾತು ಒಬ್ಬರದು ಒಬ್ಬರಿಗೆ ಕೇಳಿಸದು. ಒಗೆದು ಹರವಿದ ಬಟ್ಟೆ ವಾರವಾದರೂ ಒಣಗದು. ಅಂಗಳದ ಕಲ್ಲುಗಳು ಪಾಚಿಗಟ್ಟಿ, ಹೆಜ್ಜೆಯಿಟ್ಟಲ್ಲಿ ಕಾಲು ಜಾರುತ್ತದೆ. ‘ಇಲ್ಲಿ ನೀರಿಗೇನು ಬರ?’ ಎಂದು ಆತ ನಗುವುದು ಸಹಜವೇ.

ಆದರೆ ಅದೇ ಮನುಷ್ಯ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಅದೇ ಮನೆಗೆ ಬರಬೇಕು. ಮನೆಯ ಮುಂದಿನ ಹಳ್ಳದಲ್ಲಿ ಬಿಳಿಯ ಕಲ್ಲುಗಳು ಬಿಸಿಲಿಗೆ ಬೆನ್ನು ಕಾಯಿಸಿಕೊಳ್ಳುತ್ತಿರುತ್ತವೆ. ಬಾವಿಗೆ ಬಿಟ್ಟ ಕೊಡ ತಳದ ಕಲ್ಲಿಗೆ ತಾಗಿ ಸದ್ದು ಮಾಡುತ್ತದೆ. ಕಣಿವೆಯ ಅಡಿಕೆ ತೋಟದಲ್ಲಿ ಮರಗಳ ಸೋಗೆ ಜೋತುಬಿದ್ದಿರುತ್ತದೆ. ನೀರಿನಲ್ಲಿ ಮುಳುಗುತ್ತಿದ್ದ ನಾಡೇ ಏಳೆಂಟು ತಿಂಗಳಲ್ಲಿ ನೀರಿಗಾಗಿ ಬಾಯಿ ತೆರೆಯುವುದೆಂದರೆ ಆಶ್ಚರ್ಯವೆನಿಸುತ್ತದೆ. ಕಾರಣ ತಿಳಿದವರಿಗೆ ಮಾತ್ರ ಅದರಲ್ಲಿ ಆಶ್ಚರ್ಯವಿಲ್ಲ.

ಈ ಮೂರು ತಾಲ್ಲೂಕುಗಳೂ ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಭಾಗ. ಅಘನಾಶಿನಿ ಶಿರಸಿಯ ಬಳಿ ಹುಟ್ಟಿ ಪಶ್ಚಿಮಕ್ಕೆ ಇಳಿದುಹೋಗುತ್ತಾಳೆ. ಶಾಲ್ಮಲೆ ಸಹಸ್ರಲಿಂಗದ ಬಂಡೆಗಳನ್ನು ತೊಳೆದು ಬೇಡ್ತಿಯನ್ನು ಕೂಡುತ್ತಾಳೆ. ಬೇಡ್ತಿ ಯಲ್ಲಾಪುರದ ಮಾಗೋಡಿನಲ್ಲಿ ಧುಮುಕಿ ಮುಂದೆ ಗಂಗಾವಳಿಯೆನಿಸಿಕೊಂಡು ಕಡಲಿಗೆ ಸಾಗುತ್ತದೆ. ವರದೆಯೊಬ್ಬಳೇ ಬನವಾಸಿಯನ್ನು ಬಳಸಿಕೊಂಡು ಪೂರ್ವಕ್ಕೆ ಮುಖ ಮಾಡಿದವಳು. ಘಟ್ಟದ ಅಂಚಿನಲ್ಲಿ ಸುರಿಯುವಷ್ಟು ಮಳೆ ಬನವಾಸಿಯ ಬಯಲಿನಲ್ಲಿ ಸುರಿಯುವುದಿಲ್ಲ. ಒಂದೇ ತಾಲ್ಲೂಕಿನ ಎರಡು ತುದಿಗಳಲ್ಲಿ ಎರಡು ಬಗೆಯ ಮಳೆಗಾಲ! ಅಷ್ಟೇ ಅಲ್ಲ, ವರ್ಷದ ಮಳೆಯಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಬಿದ್ದುಬಿಡುತ್ತದೆ. ಇಲ್ಲಿನ ಜಂಬಿಟ್ಟಿಗೆ ಮಣ್ಣು ನೀರನ್ನು ಬೇಗ ಕುಡಿಯುತ್ತದೆ, ಬೇಗ ಕಳೆದುಕೊಳ್ಳುತ್ತದೆ. ತೋಟದ ಮೇಲಣ ಸೊಪ್ಪಿನಬೆಟ್ಟದಲ್ಲಿ ಮರಗಿಡ ದಟ್ಟವಾಗಿದ್ದರೆ ಬಿದ್ದ ನೀರು ನಿಧಾನವಾಗಿ ಇಂಗಿ, ಫೆಬ್ರುವರಿಯವರೆಗೂ ಒರತೆಯಾಗಿ ಕೆಳಗಿಳಿಯುತ್ತದೆ. ಬೆಟ್ಟ ಬೋಳಾದರೆ ನೀರು ಮಳೆಗಾಲದಲ್ಲಿಯೇ ನದಿಯ ಪಾಲು.

ಈ ಸೀಮೆಯ ತೋಟಿಗರು ಲೆಕ್ಕದಲ್ಲಿ ಹಿಂದೆ ಬಿದ್ದವರಲ್ಲ. 1923ರಲ್ಲಿಯೇ ಶಿರಸಿಯಲ್ಲಿ ಸಹಕಾರಿ ಮಾರಾಟ ಸಂಘವನ್ನು ಕಟ್ಟಿಕೊಂಡು, ತಾವು ಬೆಳೆದ ಅಡಿಕೆಯನ್ನು ತಾವೇ ತೂಗಿ ಮಾರುವ ವ್ಯವಸ್ಥೆ ಮಾಡಿಕೊಂಡವರು ಅವರು. ಚಾಲಿ, ರಾಶಿ, ಬೆಟ್ಟೆ ಎಂದು ಅಡಿಕೆಯನ್ನು ಬೇರೆ ಬೇರೆಯಾಗಿ ಆರಿಸಿ, ಕಾಳು ಕಾಳಿನ ಬಣ್ಣ ನೋಡುವ ಕಣ್ಣು ಅವರದು. ಅಂಥವರು ನೀರನ್ನು ಮಾತ್ರ ಅಳೆಯಲಿಲ್ಲ. ಮಳೆಗಾಲದಲ್ಲಿ ಅಳೆಯುವ ಅಗತ್ಯವಿರಲಿಲ್ಲ. ಬೇಸಿಗೆಯಲ್ಲಿ ಬೆಟ್ಟದ ಅಬ್ಬಿಯಿಂದ ತಾನಾಗಿ ಹರಿದು ಬರುತ್ತಿದ್ದ ನೀರಿಗೆ ಲೆಕ್ಕವಿಡುವುದು ಯಾರಿಗೂ ಹೊಳೆಯಲಿಲ್ಲ.

ಹಾಗೆಂದು ಹಿರಿಯರಿಗೆ ಅಳತೆಯೇ ಇರಲಿಲ್ಲವೆನ್ನುವುದು ತಪ್ಪಾಗುತ್ತದೆ. ಅವರ ಪಂಚಾಂಗದಲ್ಲಿ ಮಳೆಗೆ ನಕ್ಷತ್ರಗಳ ಹೆಸರಿತ್ತು. ಮೃಗಶಿರೆ, ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ ಎಂದು ಹದಿಮೂರು ಹದಿನಾಲ್ಕು ದಿನಗಳಿಗೊಂದರಂತೆ ಮಳೆಗಾಲವನ್ನು ಭಾಗ ಮಾಡಿಕೊಂಡಿದ್ದರು. ಕನ್ನಡದಲ್ಲಿ ಮಣ್ಣಿನ ನೀರಿಗೆ ಇರುವ ಮಾತುಗಳನ್ನು ನೋಡಿದರೂ ಸಾಕು: ಪಸೆ, ತೇವ, ಹಸಿ, ತಂಪು, ಹದ, ಬೆದೆ. ಬಿತ್ತನೆಗೆ ತಕ್ಕ ತೇವಕ್ಕೆ ಬೆದೆಯೆಂಬ ಬೇರೆಯೇ ಪದವನ್ನು ಇಟ್ಟುಕೊಂಡ ಭಾಷೆಯನ್ನಾಡುವವರು ಮಣ್ಣನ್ನು ಮುಟ್ಟಿ ನೋಡದವರಾಗಿರಲು ಸಾಧ್ಯವೆ? ಒಂದು ಹಿಡಿ ಮಣ್ಣನ್ನು ತೆಗೆದು ಮುಷ್ಟಿಯಲ್ಲಿ ಅದುಮುವುದು, ಅದು ಉಂಡೆಗಟ್ಟುವುದೋ ಉದುರುವುದೋ ಎಂದು ನೋಡುವುದು, ಬೆರಳ ನಡುವೆ ಉಜ್ಜುವುದು: ಇಂದಿನ ಕೃಷಿ ವಿಜ್ಞಾನದ ಪುಸ್ತಕಗಳಲ್ಲಿಯೂ ಈ ಕೈಪರೀಕ್ಷೆಗೆ ಸ್ಥಾನವುಂಟು.

ಆದರೆ ನಕ್ಷತ್ರ ಹೇಳುವುದು ಮಳೆ ಬರುವ ಕಾಲವನ್ನು. ಬಂದ ಮಳೆ ಎಷ್ಟೆಂಬುದನ್ನಲ್ಲ. ಕೈ ಹೇಳುವುದು ಮೇಲಿನ ನಾಲ್ಕು ಬೆರಳು ಮಣ್ಣಿನ ಸ್ಥಿತಿಯನ್ನು. ಅದರ ಕೆಳಗೆ ಬೇರು ಇರುವಲ್ಲಿ ಏನು ನಡೆದಿದೆಯೆಂದು ಕೈಗೆ ತಿಳಿಯದು. ಈ ಎರಡು ಮಾತು ಸಿದ್ದಾಪುರದ ಕಡೆಯ ಒಂದು ಕಣಿವೆಯ ಮನೆಯಲ್ಲಿ ಹೇಗೆ ಮನದಟ್ಟಾದವೆಂಬುದನ್ನು ಹೇಳಬೇಕು.

ಆ ಮನೆಯ ಅಜ್ಜ ಎಂಬತ್ತರ ಸಮೀಪದವರು. ತೋಟ ಎರಡೂವರೆ ಎಕರೆ. ಮೇಲ್ಭಾಗ ಬೆಟ್ಟದ ಇಳಿಜಾರಿನಲ್ಲಿದೆ. ಕೆಳಭಾಗ ಹಿಂದೆ ಗದ್ದೆಯಾಗಿದ್ದು, ಮೂವತ್ತು ವರ್ಷಗಳ ಹಿಂದೆ ಅಡಿಕೆ ನೆಟ್ಟ ಜಾಗ. ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಮೊಮ್ಮಗಳು ಶಾಲೆಯಿಂದ ಬಂದೊಡನೆ ಅಜ್ಜನ ಹಿಂದೆ ತೋಟಕ್ಕೆ ಹೋಗುವುದು ವಾಡಿಕೆ.

2023ರ ಮಳೆಗಾಲ ಮೋಸ ಮಾಡಿತು. ಆ ವರ್ಷದ ಆಗಸ್ಟ್ ತಿಂಗಳು 1901ರಿಂದ ಲೆಕ್ಕವಿಟ್ಟ ಕಾಲದಲ್ಲಿಯೇ ದೇಶದ ಅತಿ ಒಣ ಆಗಸ್ಟ್ ಆಯಿತು. ಕರ್ನಾಟಕದಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಅದರ ಪರಿಣಾಮ ಅಡಿಕೆಯ ತೋಟಗಳಲ್ಲಿ ಕಾಣಿಸಿದ್ದು ಮುಂದಿನ ಬೇಸಿಗೆಯಲ್ಲಿ. 2024ರ ಮಾರ್ಚಿಗೆ ಅಜ್ಜನ ತೋಟದ ಅಬ್ಬಿ ನಿಂತಿತು. ಉಳಿದದ್ದು ಬಾವಿಯೊಂದೇ, ಅದರಲ್ಲಿಯೂ ದಿನಕ್ಕೆ ಎರಡು ತಾಸು ಪಂಪು ಓಡಿದರೆ ತಳ ಕಾಣುತ್ತಿತ್ತು. ಅದೇ ಹೊತ್ತಿಗೆ ಕೆಳಗಿನ ಗದ್ದೆತೋಟದ ಮರಗಳ ಸೋಗೆ ಹಳದಿಗೆ ತಿರುಗಿತು. ಅಜ್ಜ ಮಣ್ಣನ್ನು ಮುಟ್ಟಿ ನೋಡಿದರು. ಮೇಲ್ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಬಾಯಾರಿದ ಮರಗಳಿಗೆ ನೀರು ಕೊಡಬೇಕಾದುದು ತೋಟಿಗನ ಧರ್ಮ. ಮೇಲಿನ ತೋಟದ ಪಾಲನ್ನೂ ತಪ್ಪಿಸಿ ಬಾವಿಯ ನೀರನ್ನೆಲ್ಲ ಕೆಳಗಿನ ಮರಗಳಿಗೆ ತಿರುಗಿಸಿದರು. ಹದಿನೈದು ದಿನ ಕಳೆದರೂ ಹಳದಿ ಇಳಿಯಲಿಲ್ಲ, ಏರಿತು. ಅಡಿಕೆ ಮರ ಒಮ್ಮೆ ಬಾಡಿತೆಂದರೆ ಚೇತರಿಸಿಕೊಳ್ಳಲು ಎರಡು ಮೂರು ವರ್ಷ ಬೇಕೆಂಬುದು ಬಲ್ಲವರ ಮಾತು. ಅಜ್ಜನಿಗೆ ಊಟ ರುಚಿಸದಾಯಿತು.

ಆಗ ಬಂದವನು ಅವರ ಕಿರಿಯ ಮಗ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿ ಬೇರೆ ಊರಿನಲ್ಲಿ ಕೆಲಸದಲ್ಲಿದ್ದವನು. ಜೊತೆಯಲ್ಲಿ ನಾಲ್ಕು ಕೊಳವೆಗಳನ್ನು ತಂದಿದ್ದ. ಟೆನ್ಷಿಯೋಮೀಟರ್ ಎಂಬ ಈ ಉಪಕರಣ ನೋಡಲು ಬಹಳ ಸರಳ. ಉದ್ದನೆಯ ಕೊಳವೆಯ ಕೆಳತುದಿಗೆ ಸುಟ್ಟ ಮಣ್ಣಿನ ಸಣ್ಣ ಬಟ್ಟಲು. ಮೇಲ್ಗಡೆ ಗಡಿಯಾರದಂಥ ಮುಳ್ಳಿನ ಮಾಪಕ. ಒಳಗೆಲ್ಲ ನೀರು, ಬಾಯಿಗೆ ಬಿಗಿಯಾದ ಮುಚ್ಚಳ. ಬಟ್ಟಲಿನ ಸೂಕ್ಷ್ಮವಾದ ರಂಧ್ರಗಳ ಮೂಲಕ ನೀರು ಹೊರಗೂ ಹೋಗಬಲ್ಲದು, ಒಳಗೂ ಬರಬಲ್ಲದು. ಸುತ್ತಲಿನ ಮಣ್ಣು ಒಣಗಿದ್ದರೆ ಅದು ಕೊಳವೆಯ ನೀರನ್ನು ಎಳೆಯುತ್ತದೆ. ಒಳಗೆ ನಿರ್ವಾತ ಉಂಟಾಗಿ ಮುಳ್ಳು ಏರುತ್ತದೆ. ಮಣ್ಣು ತೋಯ್ದಿದ್ದರೆ ಎಳೆತವಿಲ್ಲ; ಮುಳ್ಳು ಸೊನ್ನೆಯ ಹತ್ತಿರವೇ ನಿಲ್ಲುತ್ತದೆ. ಎಳೆತ ಸುಮಾರು 80 ಸೆಂಟಿಬಾರನ್ನು ದಾಟಿದರೆ ಒಳಗೆ ಗಾಳಿ ಹೊಕ್ಕು ಉಪಕರಣ ಕೈಬಿಡುತ್ತದೆ. ಮಣ್ಣಿನಲ್ಲಿ ನೀರೆಷ್ಟಿದೆ ಎಂಬುದಕ್ಕಿಂತ, ಆ ನೀರನ್ನು ಪಡೆಯಲು ಬೇರು ಎಷ್ಟು ಶ್ರಮಪಡಬೇಕೆಂಬುದನ್ನು ಅದು ಹೇಳುತ್ತದೆ. ಮರದ ಕಷ್ಟವನ್ನು ಮರದ ಕಡೆಯಿಂದಲೇ ಅಳೆಯುವ ಉಪಾಯವೆನ್ನಬೇಕು.

ಮಗ ಮೇಲಿನ ತೋಟದಲ್ಲಿ ಎರಡು, ಕೆಳಗಿನ ತೋಟದಲ್ಲಿ ಎರಡು ಕೊಳವೆಗಳನ್ನು ನಿಲ್ಲಿಸಿದ. ಒಂದರ ಬಟ್ಟಲು ಒಂದಡಿ ಆಳದಲ್ಲಿ, ಇನ್ನೊಂದರದು ಎರಡಡಿ ಆಳದಲ್ಲಿ. ಅಡಿಕೆಯ ಬೇರುಗಳಲ್ಲಿ ಬಹುಪಾಲು ಹರಡುವುದು ಆ ಮಟ್ಟದಲ್ಲಿಯೇ. ಮರುದಿನ ಬೆಳಿಗ್ಗೆ ಮೊಮ್ಮಗಳು ಮುಳ್ಳು ನೋಡಿ ಬರೆದುಕೊಂಡಳು. ಮೇಲಿನ ತೋಟದಲ್ಲಿ 68 ಮತ್ತು 55. ಕೆಳಗಿನ ತೋಟದಲ್ಲಿ 10 ಮತ್ತು 3.

ಅಜ್ಜ ನಂಬಲಿಲ್ಲ. ಕೊಳವೆ ಕೆಟ್ಟಿದೆಯೆಂದರು. ಮಗ ವಾದಿಸಲಿಲ್ಲ, ಗುದ್ದಲಿ ತೆಗೆದುಕೊಂಡು ಹಳದಿಯಾದ ಮರವೊಂದರ ಪಕ್ಕದಲ್ಲಿ ಅಗೆಯತೊಡಗಿದ. ಮೇಲಿನ ಬಿರುಕುಮಣ್ಣು ನಾಲ್ಕಂಗುಲಕ್ಕೆ ಮುಗಿಯಿತು. ಅದರ ಕೆಳಗೆ ಅಂಟುಮಣ್ಣು. ಒಂದೂವರೆ ಅಡಿಗೆ ಹೋಗುವ ಹೊತ್ತಿಗೆ ಗುಂಡಿಯ ಬದಿಯಿಂದ ನೀರು ಒಸರಿತು. ಹೊರಬಂದ ಬೇರುಗಳು ಕಪ್ಪಾಗಿ, ಹಿಸುಕಿದರೆ ಸಿಪ್ಪೆ ಕಳಚಿ, ಕೊಳೆತ ವಾಸನೆ ಬೀರುತ್ತಿದ್ದುವು.

“ಅಪ್ಪಯ್ಯ, ಇದು ಬಾಯಾರಿಕೆಯಲ್ಲ, ಉಸಿರು ಕಟ್ಟಿದ್ದು” ಎಂದ ಮಗ.

ಬೇರಿಗೂ ಗಾಳಿ ಬೇಕೆಂಬುದನ್ನು ಎಲ್ಲರೂ ಶಾಲೆಯಲ್ಲಿ ಓದಿರುತ್ತಾರೆ, ಎಲ್ಲರೂ ಮರೆತಿರುತ್ತಾರೆ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಸ್ವಲ್ಪ ನೀರು, ಸ್ವಲ್ಪ ಗಾಳಿ ಇರಬೇಕು. ಸಂದೆಲ್ಲ ನೀರೇ ತುಂಬಿದರೆ ಬೇರು ಉಸಿರಾಡಲಾರದು. ಉಸಿರಾಡದ ಬೇರು ಸುತ್ತ ಎಷ್ಟೇ ನೀರಿದ್ದರೂ ಕುಡಿಯಲಾರದು. ಆದುದರಿಂದ ನೀರು ಹೆಚ್ಚಾದ ಮರವೂ ನೀರಿಲ್ಲದ ಮರದಂತೆಯೇ ಬಾಡುತ್ತದೆ. ಅಜ್ಜನನ್ನು ತಪ್ಪುದಾರಿಗೆ ಎಳೆದದ್ದು ಈ ಸಾಮ್ಯವೇ. ಮೊಮ್ಮಗಳಿಗೆ ಕ್ರಿಕೆಟ್ಟಿನ ಹುಚ್ಚು. ಚಿಕ್ಕಪ್ಪ ಅವಳಿಗೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಉದಾಹರಣೆ ಕೊಟ್ಟ. ಅಲ್ಲಿ 2017ರಲ್ಲಿ ಮೈದಾನದ ಹುಲ್ಲಿನಡಿ ಕೊಳವೆಗಳ ಜಾಲವನ್ನು ಹಾಸಿದ್ದಾರೆ. ಮಳೆ ನಿಂತ ಕೂಡಲೇ ಯಂತ್ರ ಆ ಕೊಳವೆಗಳ ಮೂಲಕ ನೀರನ್ನು ಕೆಳಗೆ ಹೀರಿಕೊಳ್ಳುತ್ತದೆ. ಬೇಕಾದಾಗ ಅದೇ ಕೊಳವೆಗಳಿಂದ ಹುಲ್ಲಿನ ಬೇರಿಗೆ ಗಾಳಿಯನ್ನು ಊದುತ್ತದೆ. ‘ಹುಲ್ಲಿಗೆ ಇಷ್ಟು ಉಪಚಾರವೆ!’ ಎಂದು ಅಜ್ಜ ಅಷ್ಟು ದಿನಗಳ ಮೇಲೆ ನಕ್ಕರು. ನಕ್ಕವರು ಎದ್ದು ಹೋಗಿ ನೋಡಿದ್ದು ತಮ್ಮ ತೋಟದ ಕಾದಿಗೆಯನ್ನು.

ಎರಡು ಸಾಲು ಮರಗಳ ನಡುವೆ ತೆಗೆದ ಬಸಿಗಾಲುವೆಗೆ ಈ ಸೀಮೆಯಲ್ಲಿ ಕಾದಿಗೆಯೆನ್ನುತ್ತಾರೆ. ಹಿರಿಯರು ಕಾಲಕಾಲಕ್ಕೆ ಅದರ ಹೂಳೆತ್ತಿಸುತ್ತಿದ್ದರು. ಆಳುಗಳು ಸಿಗದ ಕಾಲ ಬಂದ ಮೇಲೆ ಆ ಕೆಲಸ ಮುಂದಕ್ಕೆ ಹೋಗುತ್ತ ಹೋಗಿ, ಅಜ್ಜನ ಗದ್ದೆತೋಟದ ಕಾದಿಗೆ ಹುಲ್ಲು ಬೆಳೆದು ನೆಲದ ಸಮಕ್ಕೆ ಬಂದಿತ್ತು. ಬೆಂಗಳೂರಿನವರು ಯಂತ್ರವಿಟ್ಟು ಮಾಡಿಸುವ ಕೆಲಸವನ್ನು ಅಜ್ಜನ ಅಜ್ಜ ಗುದ್ದಲಿಯಿಂದ ಮಾಡಿಸಿದ್ದರು. ಮೊಮ್ಮಕ್ಕಳ ಕಾಲಕ್ಕೆ ಅದು ಮುಚ್ಚಿಹೋಗಿತ್ತು.

ಕಾದಿಗೆಯ ಹೂಳೆತ್ತಿದ್ದಾಯಿತು. ಕೆಳಗಿನ ತೋಟಕ್ಕೆ ನೀರು ನಿಂತಿತು. ಬಾವಿಯಲ್ಲಿದ್ದ ಅಲ್ಪ ನೀರನ್ನು ಮೇಲಿನ ತೋಟಕ್ಕೆ ಹನಿ ನೀರಾವರಿಯಲ್ಲಿ ಕೊಡುವುದೆಂದಾಯಿತು. ಇಲ್ಲಿ ಒಂದಿಷ್ಟು ಗಣಿತ ಬೇಕು. ಕಾಲುವೆಯಲ್ಲಿ ಹಾಯಿಸುವುದಾದರೆ ಬಿರುಬೇಸಿಗೆಯಲ್ಲಿ ಮರವೊಂದಕ್ಕೆ ಮೂರರಿಂದ ಐದು ದಿನಗಳಿಗೊಮ್ಮೆ ಸುಮಾರು 175 ಲೀಟರ್ ನೀರು ಬೇಕೆಂಬುದು ಅಡಿಕೆಗೆ ವಿಜ್ಞಾನಿಗಳು ಕೊಟ್ಟಿರುವ ಪ್ರಮಾಣ. ಹನಿ ನೀರಾವರಿಯಲ್ಲಿಯಾದರೆ ದಿನಕ್ಕೆ 16ರಿಂದ 20 ಲೀಟರ್ ಸಾಕು. ಎಕರೆಗೆ 550 ಮರಗಳೆಂದು ಹಿಡಿದರೆ ಮೊದಲನೆಯ ಕ್ರಮದಲ್ಲಿ ಒಂದು ಸಲದ ನೀರೇ 96 ಸಾವಿರ ಲೀಟರ್ ದಾಟುತ್ತದೆ, ಎಂದರೆ ನಾಲ್ಕು ದಿನಕ್ಕೊಮ್ಮೆ ಹಾಯಿಸಿದರೂ ದಿನಕ್ಕೆ 24 ಸಾವಿರ ಬಿತ್ತು. ಎರಡನೆಯದರಲ್ಲಿ ದಿನಕ್ಕೆ ಹನ್ನೊಂದು ಸಾವಿರ. ಅರ್ಧಕ್ಕಿಂತ ಹೆಚ್ಚು ನೀರು ಉಳಿಯಿತು. ಬಾವಿ ಬತ್ತುವ ಕಾಲದಲ್ಲಿ ಈ ಉಳಿತಾಯ ಎಷ್ಟೋ ಮರಗಳ ಆಯುಷ್ಯ.

ಮೇ ತಿಂಗಳ ಒಂದು ಸಂಜೆ ಗುಡುಗು ಬಂದು ಮಳೆ ಹೊಯ್ಯಿತು. ಊರವರೆಲ್ಲ ‘ಒಂದು ಹದ ಮಳೆಯಾಯಿತು’ ಎಂದು ಸಂತೋಷಪಟ್ಟರು. ಅಂಥ ಮಳೆಯಾದ ಮೇಲೆ ಪಂಪನ್ನು ಎಷ್ಟು ದಿನ ನಿಲ್ಲಿಸಬಹುದು? ಇದಕ್ಕೆ ಉತ್ತರ ಹೇಳುವುದು ಮಳೆಮಾಪಕ. ಅದೇನು ಇಂಗ್ಲಿಷರು ತಂದ ಹೊಸ ವಸ್ತುವಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಉಗ್ರಾಣದ ಮುಂದೆ ಒಂದು ಅರತ್ನಿ, ಎಂದರೆ ಒಂದು ಮೊಳ, ಅಗಲದ ಬಾಯಿಯುಳ್ಳ ಪಾತ್ರೆಯನ್ನಿಟ್ಟು ಮಳೆಯನ್ನು ಅಳೆಯಬೇಕೆಂಬ ವಿಧಿಯಿದೆ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿಯೂ ಮಳೆಯನ್ನು ಆಢಕ, ದ್ರೋಣಗಳಲ್ಲಿ ಎಣಿಸುವ ಕ್ರಮ ಬಂದಿದೆ. ನಡುವಿನ ಶತಮಾನಗಳಲ್ಲಿ ನಾವೇ ಆ ಪಾತ್ರೆಯನ್ನು ಎಲ್ಲಿಯೋ ಬೋರಲು ಹಾಕಿದೆವು. 1875ರಲ್ಲಿ ಭಾರತ ಹವಾಮಾನ ಇಲಾಖೆ ಹುಟ್ಟಿತು. ಈಗ ದೇಶದಾದ್ಯಂತ ಬೆಳಿಗ್ಗೆ ಎಂಟೂವರೆ ಗಂಟೆಗೆ ಹಿಂದಿನ ಇಪ್ಪತ್ತನಾಲ್ಕು ತಾಸಿನ ಮಳೆಯನ್ನು ಅಳೆದು ಬರೆಯುವುದು ರೂಢಿ.

ಒಂದು ಮಿಲಿಮೀಟರ್ ಮಳೆಯೆಂದರೆ ಕಣ್ಣಿಗೆ ಏನೂ ಅಲ್ಲ. ಆದರೆ ಒಂದು ಚದರ ಮೀಟರ್ ನೆಲದ ಮೇಲೆ ಅದು ಒಂದು ಲೀಟರ್ ನೀರು; ಒಂದು ಎಕರೆಯ ಮೇಲೆ ನಾಲ್ಕು ಸಾವಿರ ಲೀಟರ್. ಅಂದಿನ ಮಳೆ ಅಂಗಳದ ಮಾಪಕದಲ್ಲಿ 12 ಮಿ.ಮೀ. ತೋರಿಸಿತು. ಎಕರೆಗೆ 48 ಸಾವಿರ ಲೀಟರ್. ಹನಿ ನೀರಾವರಿಯ ಲೆಕ್ಕದಲ್ಲಿ ನಾಲ್ಕು ದಿನಗಳ ನೀರಿಗೂ ಮಿಗಿಲು. ಸೋಗೆಯ ಮೇಲೆ ನಿಂತು ಆರಿದ್ದು, ಇಳಿಜಾರಿನಲ್ಲಿ ಓಡಿಹೋದದ್ದು ಇವನ್ನು ಕಳೆದು ಮೂರು ದಿನ ಪಂಪು ಓಡಿಸಬೇಕಾಗಿಲ್ಲವೆಂದು ಮೊಮ್ಮಗಳು ತೀರ್ಪು ಕೊಟ್ಟಳು. ಅಜ್ಜ ಒಪ್ಪಿದರು, ಆದರೆ ರಾತ್ರಿ ಟಾರ್ಚು ಹಿಡಿದು ಹೋಗಿ ಕೊಳವೆಯ ಮುಳ್ಳನ್ನು ನೋಡಿಕೊಂಡೇ ಬಂದರು.

ಮಣ್ಣಿಗೆ ಬಂದ ನೀರಿನ ಲೆಕ್ಕ ಹೀಗಾದರೆ, ಹೋದ ನೀರಿನದು ಇನ್ನೂ ಕಠಿಣ. ಬಿಸಿಲು, ಗಾಳಿ, ಗಾಳಿಯಲ್ಲಿರುವ ತೇವ, ಸೆಕೆ ಈ ನಾಲ್ಕೂ ಸೇರಿ ಎಲೆಗಳಿಂದಲೂ ಮಣ್ಣಿನಿಂದಲೂ ನೀರನ್ನು ಎತ್ತಿಕೊಂಡು ಹೋಗುತ್ತವೆ. ಹವಾಮಾನ ಕೇಂದ್ರಗಳಲ್ಲಿ ನಾಲ್ಕಡಿ ಅಗಲದ, ಹತ್ತಂಗುಲ ಆಳದ ಅಗಲಬಾಯಿಯ ಪಾತ್ರೆಯಲ್ಲಿ ನೀರಿಟ್ಟು, ದಿನಕ್ಕೆ ಎಷ್ಟು ಆರಿತೆಂದು ನೋಡುವುದುಂಟು. 1948ರಲ್ಲಿ ಪೆನ್‌ಮನ್ ಎಂಬ ಇಂಗ್ಲೆಂಡಿನ ವಿಜ್ಞಾನಿ ಆ ನಾಲ್ಕು ಅಂಶಗಳಿಂದಲೇ ಆರುವ ನೀರನ್ನು ಲೆಕ್ಕ ಹಾಕುವ ಸೂತ್ರವನ್ನು ಕೊಟ್ಟ. ಈಗ ಮಣ್ಣಿನಲ್ಲಿ ಹೂತಿಡುವ ವಿದ್ಯುತ್ ಸಲಾಕೆಗಳೂ ಬಂದಿವೆ. ವಿದ್ಯುತ್ ಕ್ಷೇತ್ರಕ್ಕೆ ನೀರು ತೋರುವ ಗುಣ ಒಣಮಣ್ಣು ತೋರುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಆ ವ್ಯತ್ಯಾಸದಿಂದ ತೇವವನ್ನು ತಿಳಿದು ಅವು ಮೊಬೈಲಿಗೆ ಸುದ್ದಿ ಕಳುಹಿಸುತ್ತವೆ. ಬೆಲೆ ಎಲ್ಲರ ಕೈಗೆಟುಕುವಂಥದಲ್ಲ. ಎರಡೂವರೆ ಎಕರೆಯವನಿಗೆ ಮಣ್ಣಿನ ಬಟ್ಟಲಿನ ಕೊಳವೆಯೂ ಒಂದು ನೋಟುಪುಸ್ತಕವೂ ಧಾರಾಳವಾಗಿ ಸಾಕು.

ಬೇಸಿಗೆ ಮುಗಿದರೆ ಲೆಕ್ಕ ಮುಗಿಯಿತೆಂದಲ್ಲ. 2024ರ ಮಳೆಗಾಲ ಹಿಂದಿನ ವರ್ಷದ ಬಾಕಿಯನ್ನು ಬಡ್ಡಿಸಹಿತ ತೀರಿಸುವಂತೆ ಬಂದಿತು. ಇದೇ ಜಿಲ್ಲೆಯ ಅಂಕೋಲೆಯ ಶಿರೂರಿನಲ್ಲಿ ಜುಲೈ 16ರಂದು ಗುಡ್ಡ ಕುಸಿದು ಜೀವಹಾನಿಯಾಯಿತು. ಘಟ್ಟದ ಮೇಲಿನ ತೋಟಗಳಲ್ಲಿ ಎಲ್ಲರ ಬಾಯಲ್ಲಿದ್ದ ಭಯ ಕೊಳೆರೋಗದ್ದು. ಬಿಡದೆ ಸುರಿಯುವ ಮಳೆ, ತಂಪು ಗಾಳಿ, ನಡುನಡುವೆ ಬಿಸಿಲು ಕೂಡಿದಾಗ ಒಂದು ಬಗೆಯ ಶಿಲೀಂಧ್ರ ಎಳೆಯ ಅಡಿಕೆಕಾಯಿಗಳನ್ನು ಹಿಡಿಯುತ್ತದೆ. ಕೊನೆಕೊನೆಯೇ ಕೊಳೆತು ಉದುರುತ್ತದೆ. ಹಿಂದೆ ಮರವೇರಿ ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯ ನೀರನ್ನು ತಪ್ಪಿಸುತ್ತಿದ್ದರು. ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಈ ರೋಗವನ್ನು ಅಭ್ಯಾಸ ಮಾಡಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ದಾರಿ ತೋರಿಸಿದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮಳೆ ಹಿಡಿಯುವ ಮೊದಲೊಮ್ಮೆ, ನಲವತ್ತು ನಲವತ್ತೈದು ದಿನಗಳ ಮೇಲೆ ಇನ್ನೊಮ್ಮೆ. ಆ ಎರಡನೆಯ ಸಲವೇ ಕಷ್ಟದ್ದು. ಸಿಂಪಡಿಸಿದ್ದು ಕಾಯಿಗೆ ಅಂಟಿ ಒಣಗಲು ಮಳೆ ಹೊಳವಾಗಬೇಕು. ಜುಲೈ ತಿಂಗಳ ಶಿರಸಿ ಸೀಮೆಯಲ್ಲಿ ಹೊಳವು ಯಾವಾಗ ಸಿಕ್ಕೀತು? ಮರವೇರುವ ಕೊನೆಗೌಡನನ್ನು ನಾಲ್ಕು ಮನೆಯವರು ಒಂದೇ ದಿನ ಕರೆಯುತ್ತಾರೆ. ಮುನ್ಸೂಚನೆ ನೋಡಿ ದಿನವನ್ನು ಗೊತ್ತುಮಾಡಿಕೊಂಡವನ ಫಸಲು ಉಳಿಯುತ್ತದೆ. ಆಕಾಶ ನೋಡುತ್ತ ಕುಳಿತವನದು ನೆಲಕ್ಕೆ ಬೀಳುತ್ತದೆ. ಮುನ್ಸೂಚನೆ ಸುಳ್ಳಾಗುವುದೂ ಉಂಟು. ಆದರೂ ಹತ್ತಕ್ಕೆ ಆರು ಸಲ ನಿಜವಾದರೆ ಅದು ಜೂಜಿಗಿಂತ ಮೇಲು ತಾನೆ?

ಇನ್ನೊಂದು ಕಾರಣಕ್ಕೂ ಈ ನಾಡಿನಲ್ಲಿ ಮಳೆಯ ಅಂಕಿಗೆ ಬೆಲೆ ಬಂದಿದೆ. 1988ರಲ್ಲಿ ಬರವನ್ನು ಗಮನಿಸುವುದಕ್ಕಾಗಿ ಕರ್ನಾಟಕ ಸರ್ಕಾರ ಸ್ಥಾಪಿಸಿದ ಘಟಕ ಬೆಳೆದು ಇಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯಿತಿಗಳಲ್ಲಿ ಅದು ಸೂರ್ಯಶಕ್ತಿಯಿಂದ ನಡೆಯುವ ಮಳೆಮಾಪಕಗಳನ್ನು ನಿಲ್ಲಿಸಿದೆ. ಹದಿನೈದು ನಿಮಿಷಗಳಿಗೊಮ್ಮೆ ಅವುಗಳ ಅಂಕಿ ಬೆಂಗಳೂರಿಗೆ ಹೋಗುವ ಏರ್ಪಾಡಿದೆ. ಅಡಿಕೆ, ಕಾಳುಮೆಣಸುಗಳಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಬಂದ ಮೇಲೆ, ಪರಿಹಾರ ಎಷ್ಟೆಂಬುದು ತೋಟದಲ್ಲಿ ಬಿದ್ದ ಕಾಯಿಗಳಿಂದ ನಿರ್ಧಾರವಾಗುವುದಿಲ್ಲ. ಪಂಚಾಯಿತಿಯ ಮಾಪಕ ತೋರಿಸಿದ ಮಿಲಿಮೀಟರುಗಳಿಂದ ನಿರ್ಧಾರವಾಗುತ್ತದೆ. ಅಳತೆಯಿಂದ ನ್ಯಾಯ ಕೊಡುವ ಕ್ರಮ ಒಳ್ಳೆಯದೇ. ಅಲ್ಲಿ ಶಿಫಾರಸಿಗೆ ಎಡೆಯಿಲ್ಲ. ಆದರೆ ಮಾಪಕದ ಬಾಯಿಗೆ ಒಂದು ಎಲೆ ಬಿದ್ದರೆ? ಜೇಡ ಬಲೆ ಕಟ್ಟಿದರೆ? ಪಕ್ಕದ ಮರದ ಕೊಂಬೆ ಬೆಳೆದು ನೆರಳು ಮಾಡಿದರೆ? ಯಂತ್ರಕ್ಕೆ ಮಳೆ ಬಂದದ್ದು ಗೊತ್ತಾಗುವುದಿಲ್ಲ. ಯಂತ್ರಕ್ಕೆ ಗೊತ್ತಾಗದ ಮಳೆ ವಿಮೆಯ ಲೆಕ್ಕದಲ್ಲಿ ಬಿದ್ದೇ ಇಲ್ಲ.

ಅಜ್ಜನ ಮನೆಯಲ್ಲಿ ಈ ಮಾತು ಎದ್ದದ್ದು ಆ ಜುಲೈ ತಿಂಗಳ ಕೊನೆಯಲ್ಲಿ. ಮೊಮ್ಮಗಳ ನೋಟುಪುಸ್ತಕದಲ್ಲಿದ್ದ ಮಳೆಗೂ ಸಮೀಪದ ಮಾಪಕದ ಅಂಕಿಗೂ ಒಂದು ವಾರ ತಾಳೆಯಾಗಲಿಲ್ಲ. ಮಾಪಕದ ಲೆಕ್ಕದಲ್ಲಿ ಎರಡು ದಿನ ಸೊನ್ನೆ. ಅವೇ ಎರಡು ದಿನ ಇಲ್ಲಿ ಅಂಗಳದಲ್ಲಿ ಕಾಲಿಡಲಾಗದಂಥ ಮಳೆ. ಅಜ್ಜ ನೋಟುಪುಸ್ತಕವನ್ನು ಹಿಡಿದುಕೊಂಡು ಹೋದರು. ಸಂಬಂಧಪಟ್ಟವರು ಅದನ್ನು ಮರ್ಯಾದೆಯಿಂದ ನೋಡಿ, “ಯಜಮಾನರೆ, ಇದಕ್ಕೆ ನಮ್ಮಲ್ಲಿ ಮಾನ್ಯತೆಯಿಲ್ಲ” ಎಂದು ಮರ್ಯಾದೆಯಿಂದಲೇ ಹಿಂದಕ್ಕೆ ಕೊಟ್ಟರು. ಎರಡು ಮೈಲಿ ದೂರದಲ್ಲಿ ಮಳೆ ಬೇರೆಯಾಗಿರುವುದೂ ಮಲೆನಾಡಿನಲ್ಲಿ ಸಾಧ್ಯವೇ. ಅದನ್ನು ಅಲ್ಲವೆಂದು ಸಾಧಿಸುವುದು ಒಬ್ಬರ ಪುಸ್ತಕದಿಂದ ಆಗುವ ಕೆಲಸವಲ್ಲ. ಹಿಂದಿರುಗುವಾಗ ದಾರಿಯಲ್ಲಿ ಅಜ್ಜನಿಗೆ ಹೊಳೆದದ್ದು ಇಷ್ಟೆ: ಒಂದು ಮನೆಯ ಪುಸ್ತಕಕ್ಕೆ ಮಾನ್ಯತೆಯಿಲ್ಲ ಸರಿ, ಹತ್ತು ಮನೆಯ ಪುಸ್ತಕಗಳು ಒಂದೇ ಮಾತು ಹೇಳಿದರೆ?

ಆ ವರ್ಷ ದೀಪಾವಳಿಯ ಹೊತ್ತಿಗೆ ಕಣಿವೆಯ ಒಂಬತ್ತು ಮನೆಗಳ ಅಂಗಳದಲ್ಲಿ ಮಳೆಮಾಪಕ ನಿಂತಿತು. ಹೆಚ್ಚಿನವು ಪೇಟೆಯಿಂದ ತಂದವು. ಎರಡು ಮನೆಯವರು ಒಂದೇ ಅಗಲದ ಪ್ಲಾಸ್ಟಿಕ್ ಬಾಟಲಿಯ ಕೊರಳನ್ನು ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಬಾಯಿಗೆ ಕೂರಿಸಿ, ಅಡಿಕೋಲಿನ ಗುರುತು ಅಂಟಿಸಿಕೊಂಡರು. ಅಳೆಯುವುದು ಮನೆಯ ಮಕ್ಕಳ ಕೆಲಸ. ಮೊದಮೊದಲು ಒಬ್ಬೊಬ್ಬರದು ಒಂದೊಂದು ಹೊತ್ತು. ಒಬ್ಬ ಹುಡುಗನಂತೂ ಮಾಪಕವನ್ನು ಮಾಡಿನ ಅಡಿಯಲ್ಲಿಯೇ ಇಟ್ಟು ಊರಿಗೆಲ್ಲ ಇಲ್ಲದ ಮಳೆಯನ್ನು ತನ್ನ ಮನೆಯಲ್ಲಿ ತೋರಿಸಿದ್ದ. ಅದನ್ನು ಬಯಲಿಗೆ ಸರಿಸಿ, ಎಲ್ಲರೂ ಎಂಟೂವರೆಗೇ ನೋಡಬೇಕೆಂದು ಗೊತ್ತು ಮಾಡಿದ್ದಾಯಿತು.

ಕೆಳಗಿನ ತೋಟದ ಹಳದಿ ಮರಗಳಲ್ಲಿ ಬಹಳಷ್ಟು ಮರುವರ್ಷ ಸಿಂಗಾರ ಬಿಟ್ಟವು. ಹದಿನೇಳು ಮರಗಳು ಉಳಿಯಲಿಲ್ಲ. ಅವುಗಳ ತಲೆ ಕಳಚಿ ಬಿದ್ದಾಗ ಅಜ್ಜ ಒಂದೊಂದರ ಹತ್ತಿರವೂ ಹೋಗಿ ನಿಂತು ಬಂದರು. ಅವನ್ನು ನೆಟ್ಟವರು ಅವರೇ; ನೀರು ಕೊಟ್ಟವರೂ ಅವರೇ.

2025ರ ಜೂನ್ ತ��ಂಗಳಲ್ಲಿ ಮೃಗಶಿರೆ ಹಿಡಿಯಿತು. ಬೆಳಿಗ್ಗೆ ಎಂಟೂವರೆಗೆ ಮೊಮ್ಮಗಳು ಸಮವಸ್ತ್ರದ ಮೇಲೆ ಕಂಬಳಿಕೊಪ್ಪೆ ಹಾಕಿಕೊಂಡು ಅಂಗಳಕ್ಕಿಳಿದಳು. ಅಳತೆಗಾಜನ್ನು ಕಣ್ಣಿನ ಸಮಕ್ಕೆ ಎತ್ತಿ ಹಿಡಿದು ಓದಿದಳು.

“ಎಷ್ಟು ಕೂಸೇ?” ಎಂದರು ಜಗಲಿಯ ಮೇಲಿಂದ ಅಜ್ಜ.

“ಎಂಬತ್ತಾರೂವರೆ, ಅಜ್ಜ.”

ಅಜ್ಜ ಒಳಗೆ ಹೋಗಿ ಗುದ್ದಲಿ ತೆಗೆದುಕೊಂಡು, ಮಳೆಯಲ್ಲಿಯೇ ಕಾದಿಗೆಯ ಕಡೆ ನಡೆದರು.